ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು

ನಮ್ಮ ಶಾಲೆಯಲ್ಲಿ ಓದಿಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಪದವೀಧರೆಯರಾದ ಮೇಲೆ ಉಪಾಧ್ಯಾಯಿನಿಯರಾಗಬೇಕೆಂಬ ಆಶೆಯಿಂದ ಶಿಕ್ಷಣಶಾಸ್ತ್ರದ ಬಿ.ಎಡ್., ಎಂ.ಎಡ್. ತರಗತಿಗಳನ್ನು ಸೇರುತ್ತಿರುವರು. ಅವರು ರಜೆಯ ದಿನಗಳಲ್ಲಿ ನಮ್ಮನ್ನು ಕಾಣಲು ಬಂದಾಗ, ತಾವು ಓದಬೇಕಾದ ವಿಷಯಗಳಲ್ಲಿ ಎರಡು ಬಲು ಶುಷ್ಕವಾಗಿರುವುವೆಂದು ಹೇಳಿಕೊಳ್ಳುವುದುಂಟು. ಒಂದು, ಶಿಕ್ಷಣದ ತಳಹದಿಗಳು. ಇನ್ನೊಂದು, ಶೈಕ್ಷಣಿಕ ಸಂಶೋಧನೆ. ಮೊದಲನೆಯದರಲ್ಲಿ ಆಯೋಗಗಳ ಹೆಸರುಗಳನ್ನೂ ಇಸವಿಗಳನ್ನೂ ಕಂಠಪಾಠ ಮಾಡಬೇಕು. ಎರಡನೆಯದರಲ್ಲಿ ಅಂಕಿಗಳನ್ನೂ ಕೋಷ್ಟಕಗಳನ್ನೂ ತುಂಬಬೇಕು. ಇವೆರಡಕ್ಕೂ ತರಗತಿಯಲ್ಲಿ ಕುಳಿತಿರುವ ಮಗುವಿಗೂ ಏನು ಸಂಬಂಧವೆಂದು ಅವರು ಕೇಳುವರು.

ಈ ಪ್ರಶ್ನೆಗೆ ಉತ್ತರವಾಗಿ ನಾವು ಒಬ್ಬ ಮಹನೀಯರ ಜೀವಿತವನ್ನು ಈ ಸಂಚಿಕೆಯಲ್ಲಿ ಅರಿಕೆ ಮಾಡಲಿಚ್ಛಿಸುವೆವು. ಕನ್ನಡ ನಾಡಿನ ಚರಿತ್ರೆಯನ್ನು ಓದಿದವರೆಲ್ಲರೂ ಬಿ. ಎಲ್. ರೈಸರನ್ನು ಶಾಸನಗಳ ಪಿತಾಮಹರೆಂದು ಬಲ್ಲರು. ಶಿಕ್ಷಣಶಾಸ್ತ್ರದ ವಿದ್ಯಾರ್ಥಿನಿಯರಾದರೋ 1882ನೆಯ ಇಸವಿಯ ಹಂಟರ್ ಆಯೋಗದ ವಿಷಯವನ್ನು ಓದಿಯೇ ಇರುವರು. ಆದರೆ ಆ ಆಯೋಗದ ಕಾರ್ಯದರ್ಶಿಗಳಾಗಿದ್ದವರು ಇದೇ ರೈಸ್ ಸಾಹೇಬರೆಂಬುದನ್ನೂ, ಅವರು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಮಿಷನರಿಯೊಬ್ಬರ ಮಗನೆಂಬುದನ್ನೂ ಬಲ್ಲವರು ಸ್ವಲ್ಪ ಮಂದಿ. ಕಲಾಸಿಪಾಳ್ಯದಲ್ಲಿ ಬಸ್ಸಿನಿಂದಿಳಿದು ಮಿಷನ್ ರಸ್ತೆಯ ಕಡೆಗೆ ನಡೆದುಬರುವ ನಮ್ಮ ಬಾಲಿಕೆಯರಿಗೆ ಈ ಸಂಗತಿಯು ತಿಳಿದಿರಬೇಕಾದುದು ಯುಕ್ತವೇ ಸರಿ.

ಇವರ ತಂದೆಯವರಾದ ಬೆಂಜಮಿನ್ ರೈಸ್ ಪಾದ್ರಿಗಳು ಲಂಡನ್ ಮಿಷನ್ನಿನ ಸೇವೆಗಾಗಿ ಬೆಂಗಳೂರಿಗೆ ಬಂದು, 1887ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ಅರ್ಧ ಶತಮಾನದಷ್ಟು ಕಾಲ ಅವರು ಪೇಟೆಯ ಜನರ ನಡುವೆ ಕನ್ನಡದಲ್ಲಿಯೇ ಕೆಲಸಮಾಡಿದರು. ಮಗನು ಹುಟ್ಟಿದುದು 1837ನೆಯ ಇಸವಿ ಜುಲೈ ತಿಂಗಳ 17ನೆಯ ತಾರೀಖಿನಂದು. ತಾಯಿಯವರಾದ ಜೇನ್ ರೈಸಮ್ಮನವರು ಮಿಷನ್ನಿನ ಸ್ಯೂಯೆಲ್ ದೊರೆಸಾನಿಯವರೊಡನೆ ಸೇರಿ, 1840ರ ದಶಕದ ಆರಂಭದಲ್ಲಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಹೆಣ್ಣುಮಗುವಿಗೆ ಅಕ್ಷರವನ್ನು ಕಲಿಸಿದರೆ ಮನೆತನಕ್ಕೆ ಕೇಡಾಗುವುದೆಂದು ಜನರು ಹೆದರುತ್ತಿದ್ದ ಕಾಲವದು. ಹೀಗೆ ರೈಸ್ ಸಾಹೇಬರ ಬಾಲ್ಯವು ಕಳೆದ ಮನೆಯಲ್ಲಿ ಶಾಲೆಯೆಂಬುದು ಬೇರೆಯ ಸಂಸ್ಥೆಯಾಗಿರಲಿಲ್ಲ. ಅದು ಮನೆಗೆಲಸದ ಒಂದು ಭಾಗವೇ ಆಗಿದ್ದಿತು.

ಇಂಗ್ಲೆಂಡಿನಲ್ಲಿ ವ್ಯಾಸಂಗವನ್ನು ಮುಗಿಸಿಕೊಂಡು ಅವರು 1860ರಲ್ಲಿ ಹುಟ್ಟಿದೂರಿಗೆ ಮರಳಿ, ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದು 1858ರಲ್ಲಿ ಸ್ಥಾಪಿತವಾಗಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಸಂಸ್ಥೆ. ಅಲ್ಲಿ 5 ವರ್ಷಗಳು ಕಳೆದ ಬಳಿಕ, 1865ರಲ್ಲಿ, ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳ ಇನ್ಸ್‌ಪೆಕ್ಟರ ಅಧಿಕಾರವು ಅವರಿಗೆ ದೊರೆಯಿತು. ಇಲ್ಲಿಂದ ಅವರ ನಿಜವಾದ ವ್ಯಾಸಂಗವು ಮೊದಲಾಯಿತೆನ್ನಬಹುದು.

ಆ ಕಾಲದಲ್ಲಿ ಇನ್ಸ್‌ಪೆಕ್ಟರ ಕೆಲಸವೆಂದರೆ ಕುದುರೆಯ ಮೇಲೆ ತಿಂಗಳುಗಟ್ಟಲೆ ಸಂಚಾರ, ಡೇರೆಯಲ್ಲಿ ವಾಸ. ಸರಕಾರದ ವಿದ್ಯಾ ಇಲಾಖೆಯು 1857ರಲ್ಲಿ ಏರ್ಪಟ್ಟಿದ್ದಿತಾದರೂ ಅದರ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿಯೇ ಇದ್ದುವು. ಹಳ್ಳಿಗಳಲ್ಲಿ ಇದ್ದುದು ಕೂಲಿಮಠಗಳು. ಅಲ್ಲಿ ಅಯ್ಯಗಳು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತೀಡಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸಿ, ಊರವರು ಕೊಟ್ಟಷ್ಟರಲ್ಲಿ ಜೀವನ ಮಾಡುತ್ತಿದ್ದರು. ಈ ಮಠಗಳನ್ನು ಹೀಯಾಳಿಸುವುದು ಸುಲಭವಾಗಿದ್ದಿತು. ರೈಸ್ ಸಾಹೇಬರು ಹಾಗೆ ಮಾಡದೆ, ಜನರಲ್ಲಿ ಓದಿನ ಆಶೆಯು ಮೊದಲೇ ಇರುವುದಕ್ಕೆ ಇವೇ ಸಾಕ್ಷಿಯೆಂದು ತಿಳಿದು, ಆ ಆಶೆಯ ಮೇಲೆಯೇ ಕಟ್ಟಡವನ್ನು ಎಬ್ಬಿಸಲೆಳಸಿದರು.

1868ರಲ್ಲಿ, ಇಲಾಖೆಯ ಡೈರೆಕ್ಟರಾಗಿದ್ದ ಜಾನ್ ಗ್ಯಾರೆಟ್ ದೊರೆಗಳು ರಜೆಯ ಮೇಲೆ ಹೋದಾಗ, ಆ ಸ್ಥಾನವನ್ನು ಇವರು ವಹಿಸಿಕೊಂಡರು. ಮಾರನೆಯ ವರ್ಷ ಗ್ಯಾರೆಟರ ಮಗಳಾದ ಮೇರಿ ಸೋಫಿಯಾ ಅವರನ್ನು ವಿವಾಹವಾದರು. ಆ 1868ರಲ್ಲಿಯೇ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಸರಕಾರದ ಮುಂದಿಟ್ಟರು. ತಾಲ್ಲೂಕಿನ ಕೆಳಗಿನ ವಿಭಾಗವಾದ ಪ್ರತಿಯೊಂದು ಹೋಬಳಿಗೂ ಒಂದು ಪ್ರಾಥಮಿಕ ಶಾಲೆಯಿರಬೇಕು. ಕಟ್ಟಡವನ್ನು ಊರವರು ಒದಗಿಸಬೇಕು. ಉಪಾಧ್ಯಾಯನನ್ನು ಆ ಸೀಮೆಯವರಲ್ಲಿಯೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ತರಬೇತು ಕೊಟ್ಟು ಕಳುಹಿಸಬೇಕು. ಪಾಠವು ಕನ್ನಡದಲ್ಲಿ ನಡೆಯಬೇಕು ಎಂಬುದು ಅದರ ಸಾರ. ಊರವರಿಗೆ ಪರಿಚಿತನಾದ ಉಪಾಧ್ಯಾಯನು, ಊರವರದೇ ಆದ ಕಟ್ಟಡ, ಇವುಗಳಿಗೆ ಹೊಸ ತರಬೇತಿನ ಬಲ. ಇವು ಮೂರೂ ಸೇರಿದುದರಿಂದ ಶಾಲೆಯು ಹಳ್ಳಿಗೆ ಪರಕೀಯವೆನಿಸಲಿಲ್ಲ. ಇಂದು ನಮ್ಮ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಕಾಣುವ ಸರಕಾರೀ ಶಾಲೆಗಳ ಬೇರುಗಳಲ್ಲಿ ಒಂದು ಇಲ್ಲಿರುವುದು.

ಇಷ್ಟಾದಾಗ್ಯೂ ಒಂದು ಮಾತನ್ನು ನಾವು ಮರೆಮಾಡಲಾರೆವು. ಹೋಬಳಿ ಶಾಲೆಗಳಿಗೆ ಬರುತ್ತಿದ್ದವರು ಬಹುಮಟ್ಟಿಗೆ ಬಾಲಕರೇ. ತಾಯಿಯು ಕಾಲು ಶತಮಾನದ ಹಿಂದೆಯೇ ಕೈಹಾಕಿದ ಕೆಲಸವು ಮಗನ ಯೋಜನೆಯಲ್ಲಿ ಹಿಂದೆ ಬಿದ್ದಿತು. ಹೆಣ್ಣುಮಕ್ಕಳ ಪಾಲಿಗೆ ಮಿಷನ್ನುಗಳ ಶಾಲೆಗಳೂ ಕೆಲವು ಉದಾರಿಗಳ ಪ್ರಯತ್ನಗಳೂ ಮಾತ್ರವೇ ಬಹುಕಾಲ ಆಸರೆಯಾಗಿದ್ದುವು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಪ್ರಾರಂಭವಾದುದು 1881ರಲ್ಲಿ. ಅಷ್ಟರಲ್ಲಿ ಹೋಬಳಿ ಶಾಲೆಗಳಿಗೆ ಹದಿಮೂರು ವರ್ಷ ತುಂಬಿದ್ದಿತು.

ಶಾಲೆಗಳನ್ನು ಪರೀಕ್ಷಿಸಲು ಸಂಚರಿಸುವಾಗ ರೈಸ್ ಸಾಹೇಬರ ಕಣ್ಣಿಗೆ ಇನ್ನೊಂದು ಬಗೆಯ ಬರವಣಿಗೆಯೂ ಬೀಳತೊಡಗಿತು. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲುಗಳ ಮೇಲೆ ಹಳಗನ್ನಡದ ಅಕ್ಷರಗಳಿದ್ದುವು. ಊರವರು ಅವನ್ನು ನಿಧಿಯ ಗುರುತೆಂದೋ ದೇವರ ಲಿಪಿಯೆಂದೋ ಭಾವಿಸಿದ್ದರು. ಬೌರಿಂಗ್ ದೊರೆಗಳು ಚೀಫ್ ಕಮಿಷನರಾಗಿದ್ದ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬವರು ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವನ್ನು ಓದುವ ಹೊಣೆಯನ್ನು ರೈಸ್ ಸಾಹೇಬರು ಹೊತ್ತು, ಪಂಡಿತರ ಸಹಾಯದಿಂದ ವರ್ಷಗಟ್ಟಲೆ ಪರಿಶ್ರಮಪಟ್ಟು, 1879ರಲ್ಲಿ ಮೈಸೂರು ಶಾಸನಗಳ ಗ್ರಂಥವನ್ನು ಹೊರತಂದರು. ಅದಕ್ಕೆ ಮುಂಚೆಯೇ ಮೈಸೂರು ಸೀಮೆಯ ನೆಲ, ಜಲ, ಬೆಳೆ, ಜನ, ಚರಿತ್ರೆಗಳನ್ನೆಲ್ಲ ಒಳಗೊಂಡ ಗೆಜೆಟಿಯರನ್ನು ಸಿದ್ಧಪಡಿಸಿದ್ದರು. 1897ರಲ್ಲಿ ಅದನ್ನು ತಾವೇ ತಿದ್ದಿ ಬೆಳೆಸಿದರು.

ಈ ನಡುವೆ ನಾಡಿಗೆ ದೊಡ್ಡ ವಿಪತ್ತು ಒದಗಿತು. 1876ರಿಂದ 1878ರ ವರೆಗಿನ ಕ್ಷಾಮದಲ್ಲಿ ಮೈಸೂರು ಸೀಮೆಯು ತತ್ತರಿಸಿಹೋಯಿತು. 1871ರಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಈ ಎರಡನೆಯ ಗಣತಿಯನ್ನು ನಡೆಯಿಸಿದವರು ರೈಸ್ ಸಾಹೇಬರೇ. ಹದಿನಾರು ವರ್ಷಗಳಿಂದ ಊರೂರನ್ನು ತಿರುಗಿ ಶಾಲೆಯ ಮಕ್ಕಳನ್ನು ಎಣಿಸಿದ್ದವರು ಈಗ ಬರಿದಾದ ಮನೆಗಳನ್ನು ಎಣಿಸಬೇಕಾಯಿತು. ಕೋಷ್ಟಕದ ಅಂಕಿಗಳು ಶುಷ್ಕವೆಂದು ಹೇಳುವ ನಮ್ಮ ಸೋದರಿಯರು ಈ ಎರಡು ಸಂಖ್ಯೆಗಳ ಅಂತರವನ್ನು ಒಮ್ಮೆ ಕಳೆದು ನೋಡಬೇಕೆಂದು ನಾವು ಬೇಡುವೆವು.

ಇನ್ನು 1882ನೆಯ ಇಸವಿಯ ವಿಷಯ. ಆ ವರ್ಷದ ಫೆಬ್ರವರಿ ತಿಂಗಳಿನಲ್ಲಿ ವೈಸರಾಯ್ ರಿಪನ್ ಪ್ರಭುಗಳು ಹಿಂದೂದೇಶದ ವಿದ್ಯಾಭ್ಯಾಸದ ಸ್ಥಿತಿಯನ್ನು ವಿಚಾರಿಸಲು ವಿಲಿಯಂ ಹಂಟರ್ ದೊರೆಗಳ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿದರು. ಬೊಂಬಾಯಿಯ ತೆಲಂಗರು, ಮದರಾಸು ಕ್ರಿಶ್ಚಿಯನ್ ಕಾಲೇಜಿನ ಮಿಲ್ಲರ್ ಪಾದ್ರಿಗಳು ಮೊದಲಾದವರು ಅದರ ಸದಸ್ಯರಾಗಿದ್ದರು. ಅದರ ಕಾರ್ಯದರ್ಶಿಗಳಾಗಿ ಆರಿಸಲ್ಪಟ್ಟವರು ಮೈಸೂರಿನ ಹೋಬಳಿ ಶಾಲೆಗಳನ್ನು ಕಟ್ಟಿದ ರೈಸ್ ಸಾಹೇಬರು.

ಆಯೋಗವು ಕೆಲಸಮಾಡಿದ ರೀತಿಯನ್ನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿನಿಯರು ಗಮನಿಸತಕ್ಕದ್ದು. ಮೊದಲು ಪ್ರಶ್ನೆಗಳನ್ನು ಗೊತ್ತುಮಾಡಿಕೊಂಡರು. ಪ್ರಾಂತ್ಯ ಪ್ರಾಂತ್ಯಗಳಲ್ಲಿಯೂ ಸಮಿತಿಗಳಿಂದ ವರದಿಗಳನ್ನು ಬರೆಯಿಸಿದರು. ಅಧಿಕಾರಿಗಳನ್ನಲ್ಲದೆ ಉಪಾಧ್ಯಾಯರನ್ನೂ ಮಿಷನರಿಗಳನ್ನೂ ಸಮಾಜ ಸುಧಾರಕರನ್ನೂ ಸಾಕ್ಷಿಗಳನ್ನಾಗಿ ಕರೆದರು. ಜನರ ಬಿನ್ನವತ್ತಳೆಗಳನ್ನು ಸ್ವೀಕರಿಸಿದರು. ಅಂಕಿ ಅಂಶಗಳನ್ನು ಒಂದೇ ಅಳತೆಗೆ ತಂದು ಹೋಲಿಸಿದರು. ಇದೆಲ್ಲ ಮುಗಿದ ಮೇಲೆಯೇ ತೀರ್ಮಾನಕ್ಕೆ ಕುಳಿತು 222 ನಿರ್ಣಯಗಳನ್ನು ಚರ್ಚಿಸಿ, ಅವುಗಳಲ್ಲಿ 180ನ್ನು ಸರ್ವಾನುಮತದಿಂದ ಅಂಗೀಕರಿಸಿದರು. ಪ್ರಶ್ನೆ, ಸಾಕ್ಷ್ಯ, ಹೋಲಿಕೆ, ಆ ಬಳಿಕ ನಿರ್ಣಯ. ಇಂದು ಸಂಶೋಧನಾ ವಿಧಾನದ ಪುಸ್ತಕಗಳು ಕಲಿಸುವ ಕ್ರಮವೂ ಇದೇ ಅಲ್ಲವೆ?

ಸಾಕ್ಷಿಗಳಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಜನಿಸಿದ ಪಂಡಿತೆ ರಮಾಬಾಯಿಯವರೂ ಇದ್ದರು. ಪುಣೆಯಲ್ಲಿ ಅವರು ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಕಲಿಸಲು ತರಬೇತಾದ ಉಪಾಧ್ಯಾಯಿನಿಯರು ಬೇಕೆಂದೂ, ಹೆಂಗಸರ ಚಿಕಿತ್ಸೆಗೆ ಹೆಂಗಸರೇ ವೈದ್ಯರಾಗಬೇಕೆಂದೂ ನಿರ್ಭಯವಾಗಿ ತಿಳಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ತನಾಲ್ಕು, ನಮ್ಮ ಎಂ.ಎಡ್. ವಿದ್ಯಾರ್ಥಿನಿಯರ ವಯಸ್ಸೇ.

1883ರಲ್ಲಿ ಸಿದ್ಧವಾದ ವರದಿಯು ಸಾಮಾನ್ಯ ಜನರ ಪ್ರಾಥಮಿಕ ಶಿಕ್ಷಣವೇ ಸರಕಾರದ ವಿಶೇಷ ಪ್ರಯತ್ನಕ್ಕೆ ಅರ್ಹವಾದುದೆಂದು ಸಾರಿತು. ಬಾಲಿಕಾ ಪಾಠಶಾಲೆಗಳಿಗೆ ಹೆಚ್ಚು ಉದಾರವಾಗಿ ಸಹಾಯಧನವನ್ನು ಕೊಡಬೇಕು, ಉಪಾಧ್ಯಾಯಿನಿಯರ ತರಬೇತಿಗೆ ಪ್ರೋತ್ಸಾಹವಿರಬೇಕು, ಪರೀಕ್ಷಿಸಲು ಸ್ತ್ರೀಯರೇ ಇನ್ಸ್‌ಪೆಕ್ಟರಾಗಬೇಕು ಎಂದು ವಿಧಿಸಿತು. ಹೋಬಳಿ ಯೋಜನೆಯಲ್ಲಿ ಹಿಂದೆ ಬಿದ್ದಿದ್ದ ಹೆಣ್ಣುಮಕ್ಕಳ ಪ್ರಶ್ನೆಯು ಇಲ್ಲಿ ಮುಂದಕ್ಕೆ ಬಂದಿತು. ಇದಲ್ಲದೆ, ಪ್ರೌಢಶಾಲೆಯಲ್ಲಿ ಖಾಯಂ ಉಪಾಧ್ಯಾಯರಾಗಬೇಕಾದವರು ಬೋಧನೆಯ ತತ್ತ್ವ ಮತ್ತು ಪ್ರಯೋಗಗಳಲ್ಲಿ ಪರೀಕ್ಷೆಯನ್ನು ಮುಗಿಸಬೇಕೆಂದೂ, ಪದವೀಧರರಾದವರಿಗೆ ಈ ತರಬೇತಿನ ಅವಧಿಯು ಇತರರಿಗಿಂತ ಕಡಮೆಯಿದ್ದರೆ ಸಾಕೆಂದೂ ಆಯೋಗವು ಸಲಹೆಮಾಡಿತು. ವಾಚಕರು ಈ ಮಾತನ್ನು ಮತ್ತೊಮ್ಮೆ ಓದಬೇಕು. ಪದವಿಯಾದ ಮೇಲೆ ಶಿಕ್ಷಣಶಾಸ್ತ್ರವನ್ನು ಪ್ರತ್ಯೇಕವಾಗಿ ಅಭ್ಯಾಸಮಾಡುವ ಪದ್ಧತಿಗೆ ನಮ್ಮ ದೇಶದಲ್ಲಿ ದೊರೆತ ಆಧಾರಗಳಲ್ಲಿ ಇದು ಮುಖ್ಯವಾದುದು. ಆ ದಶಕದಲ್ಲಿಯೇ ಮದರಾಸು ವಿಶ್ವವಿದ್ಯಾಲಯದಲ್ಲಿ ಎಲ್.ಟಿ. ಎಂಬ ಶಿಕ್ಷಕರ ಪದವಿಯು ಏರ್ಪಟ್ಟಿತು. ಬೆಂಗಳೂರಿನಲ್ಲಿ 1954ರಲ್ಲಿ ಆರ್. ವಿ. ಶಿಕ್ಷಕರ ಕಾಲೇಜು ಸ್ಥಾಪಿತವಾಯಿತು. ನಮ್ಮ ಸೋದರಿಯರು ಇಂದು ಕುಳಿತು ಓದುವ ತರಗತಿಗಳು ಇದೇ ಪರಂಪರೆಯಲ್ಲಿ ಬಂದವು.

1884ರಲ್ಲಿ ಸರಕಾರವು ರೈಸ್ ಸಾಹೇಬರಿಗೆ ಸಿ.ಐ.ಇ. ಬಿರುದನ್ನಿತ್ತಿತು. ಆ ದಶಕದ ನಡುವೆ ಮೈಸೂರು ಸಂಸ್ಥಾನದ ಪುರಾತತ್ತ್ವ ಶೋಧನೆಯ ಅಧಿಕಾರವೂ ಅವರಿಗೆ ಸೇರಿ, 1890ರಿಂದ ಅವರು ಅದೊಂದೇ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅಂಟಿಸಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆಯುವುದು. ಪಂಡಿತರೊಡನೆ ಕುಳಿತು ಅಕ್ಷರ ಅಕ್ಷರವಾಗಿ ಓದುವುದು. ಮೂಲವನ್ನು ಕನ್ನಡದ ಅಕ್ಷರಗಳಲ್ಲಿಯೂ ರೋಮನ್ ಅಕ್ಷರಗಳಲ್ಲಿಯೂ ಅಚ್ಚಿಸಿ, ಇಂಗ್ಲಿಷಿಗೆ ಭಾಷಾಂತರಿಸುವುದು. ಇದು ಅವರ ದಿನಚರಿಯಾಯಿತು. 1886ರಲ್ಲಿ ಕೊಡಗಿನ ಸಂಪುಟದಿಂದ ಮೊದಲಾದ ಎಪಿಗ್ರಾಫಿಯ ಕರ್ನಾಟಿಕವು ಅವರು ನಿವೃತ್ತರಾಗುವ ಹೊತ್ತಿಗೆ 12 ಸಂಪುಟಗಳಾಗಿ ಬೆಳೆದಿದ್ದಿತು. ಅವುಗಳಲ್ಲಿ ಅಡಕವಾದ ಶಾಸನಗಳು 8,869. ಇದು ಒಬ್ಬರ ಕೈಕೆಲಸವಲ್ಲ. ಕಲ್ಲನ್ನು ತೋರಿಸಿದ ಹಳ್ಳಿಗರೂ, ಅಚ್ಚು ತೆಗೆದ ಆಳುಗಳೂ, ಹಳಗನ್ನಡವನ್ನು ಬಿಡಿಸಿದ ಪಂಡಿತರೂ ಇದರಲ್ಲಿ ಪಾಲುಗಾರರು. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರೇ ಮುಂದೆ ಅವರ ಸ್ಥಾನಕ್ಕೆ ಬಂದರು.

1892ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳನ್ನು ಅವರು ಕಂಡುಹಿಡಿದುದು ವಿದ್ವಾಂಸರನ್ನೆಲ್ಲ ಬೆರಗುಗೊಳಿಸಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಮೌರ್ಯರ ಆಜ್ಞೆಯು ಕನ್ನಡ ನಾಡನ್ನು ಮುಟ್ಟಿದ್ದಿತೆಂಬುದು ಇದರಿಂದ ಸ್ಥಿರಪಟ್ಟಿತು. ಆ ಬಂಡೆಯ ಮೇಲೆ ಇದ್ದುದೇನು? ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬೋಧನೆ. ಕೊನೆಯಲ್ಲಿ ಬರೆದವನಾದ ಚಪಡನೆಂಬ ಲಿಪಿಕಾರನ ಹೆಸರು. ಗುರುಶಿಷ್ಯರ ನಡತೆಯನ್ನು ವಿಧಿಸುವ, ನಮ್ಮ ನಾಡಿನ ಬಹು ಪ್ರಾಚೀನವಾದ ಬರಹವು ಹಿಂದೆ ಶಾಲಾ ಇನ್ಸ್‌ಪೆಕ್ಟರಾಗಿದ್ದವರ ಕೈಗೇ ಸಿಕ್ಕಿದುದು ಸೋಜಿಗವಲ್ಲವೆ!

ಶಿಕ್ಷಣದ ಚರಿತ್ರೆಗೆ ಸೇರಿದ ಇನ್ನೆಷ್ಟೋ ಸಂಗತಿಗಳು ಆ ಸಂಪುಟಗಳಲ್ಲಿ ಅಡಗಿವೆ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠವು ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನೂ ವರ್ಣಿಸುವುದು. ತಾಳಗುಂದದ ಕಂಬವು ಮಯೂರಶರ್ಮನು ಅಜ್ಜನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದುದನ್ನು ಹೇಳುವುದು. ಶ್ರವಣಬೆಳಗೊಳದ ಸಂಪುಟದಲ್ಲಿ, 1123ರಲ್ಲಿ ಬಸದಿಯನ್ನು ಕಟ್ಟಿಸಿದ ಶಾಂತಲದೇವಿಯ ಕೀರ್ತಿಯು ಉಳಿದುಬಂದಿರುವುದು. ಬೋಧನೆಯ ತಳಹದಿಯನ್ನು ಕುರಿತು ಓದುವವರು ಪರದೇಶದ ಪಂಡಿತರ ಹೆಸರುಗಳೊಡನೆ ಈ ಕಲ್ಲುಗಳನ್ನೂ ಓದಿದರೆ ಆ ಪಾಠವು ಶುಷ್ಕವೆನಿಸಲಾರದು.

ಸಂಶೋಧಕನಿಗೆ ಬೇಕಾದ ಇನ್ನೊಂದು ಗುಣವನ್ನೂ ಇಲ್ಲಿ ಹೇಳಬೇಕು. ಗಂಗರ ತಾಮ್ರಶಾಸನಗಳನ್ನು ಆಧಾರವಾಗಿಟ್ಟುಕೊಂಡು ರೈಸ್ ಸಾಹೇಬರು ಆ ವಂಶದ ಪ್ರಾಚೀನತೆಯನ್ನು ನಿರ್ಣಯಿಸಿದಾಗ, ಬೊಂಬಾಯಿ ಪ್ರಾಂತ್ಯದ ಫ್ಲೀಟ್ ದೊರೆಗಳು ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಬಲವಾಗಿ ವಾದಿಸಿದರು. ಈ ವಿವಾದವು ವರ್ಷಗಟ್ಟಲೆ ನಡೆಯಿತು. ಪೆನುಗೊಂಡದ ತಾಮ್ರಪಟಗಳು ನಿಜವಾದುವೆಂದು ಫ್ಲೀಟರು 1915ರಲ್ಲಿ ಒಪ್ಪಿಕೊಂಡರು. ರೈಸರು ನಂಬಿದ ಕೆಲವು ಪಟಗಳು ಹಿಂದಣ ಕಾಲದವಲ್ಲವೆಂದು ಮುಂದಿನ ವಿದ್ವಾಂಸರು ಅಭಿಪ್ರಾಯಪಟ್ಟಿರುವರು. ಹೀಗೆ ಇಬ್ಬರಲ್ಲಿ ಯಾರೂ ಪೂರ್ತಿಯಾಗಿ ಗೆಲ್ಲಲಿಲ್ಲ, ಯಾರೂ ಪೂರ್ತಿಯಾಗಿ ಸೋಲಲಿಲ್ಲ. ಲಾಭವಾದುದು ಕನ್ನಡ ನಾಡಿನ ಚರಿತ್ರೆಗೆ. ರೈಸರು ಮೂಲಗಳನ್ನು ಮುಚ್ಚಿಡದೆ ಎಲ್ಲರ ಮುಂದೆ ಅಚ್ಚುಹಾಕಿಸಿ ಇಟ್ಟಿದ್ದುದರಿಂದಲೇ ಅವರ ತಪ್ಪನ್ನು ಇತರರು ತಿದ್ದುವುದು ಸಾಧ್ಯವಾಯಿತು. ಮೈಸೂರು ವಿಶ್ವವಿದ್ಯಾಲಯವು 1972ರಿಂದ ಆ ಸಂಪುಟಗಳನ್ನು ಪರಿಷ್ಕರಿಸಿ ಹೊರತರಲು ತೊಡಗಿದುದೂ ಇದೇ ಕಾರಣದಿಂದ. ತನ್ನನ್ನು ತಿದ್ದಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸಿಕೊಡುವವನೇ ಒಳ್ಳೆಯ ಸಂಶೋಧಕನು. ಒಳ್ಳೆಯ ಉಪಾಧ್ಯಾಯನೂ ಅವನೇ.

1906ರಲ್ಲಿ ನಿವೃತ್ತರಾಗಿ ರೈಸ್ ಸಾಹೇಬರು ಇಂಗ್ಲೆಂಡಿಗೆ ತೆರಳಿದರು. ಶಾಸನಗಳಿಂದ ತಿಳಿದುಬಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ನೆಯ ತಾರೀಖಿನಂದು, ತೊಂಬತ್ತನೆಯ ಹುಟ್ಟಿದ ದಿನಕ್ಕೆ ಒಂದು ವಾರವಿರುವಾಗ, ಹ್ಯಾರೋ ಎಂಬ ಊರಿನಲ್ಲಿ ಅವರು ಮೃತರಾದರು.

ಅವೆನ್ಯೂ ರಸ್ತೆಯಲ್ಲಿ ತಂದೆಯ ಹೆಸರನ್ನು ಹೊತ್ತ ರೈಸ್ ಸ್ಮಾರಕ ದೇವಾಲಯವು ನಿಂತಿದೆ. ಮಗನ ಹೆಸರನ್ನು 12 ಸಂಪುಟಗಳು ಹೊತ್ತಿವೆ. ತಾಯಿಯ ಹೆಸರಾದರೋ, ಅವರಿಂದ ಅಕ್ಷರ ಕಲಿತ ಹೆಣ್ಣುಮಕ್ಕಳ ಬಾಳಿನಲ್ಲಿಯೂ, ಆ ಹೆಣ್ಣುಮಕ್ಕಳು ಓದಿಸಿದ ಮಕ್ಕಳ ಬಾಳಿನಲ್ಲಿಯೂ ಸೇರಿಹೋಗಿದೆ. ಕಲ್ಲಿನ ಮೇಲಿನ ಬರಹವನ್ನು ಓದುವುದಕ್ಕೆ ಮಗನು ನಾಡಿಗೆ ಕಲಿಸಿದನು. ಇಂತಹ ಬರಹವನ್ನು ಓದುವವರು ಇನ್ನೂ ಬೇಕಾಗಿರುವರು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ತಮ್ಮ ತಮ್ಮ ಮನೆತನದಲ್ಲಿ ಮೊದಲು ಶಾಲೆಗೆ ಹೋದ ಹೆಣ್ಣುಮಗಳು ಯಾರು, ಯಾವ ಇಸವಿಯಲ್ಲಿ, ಯಾವ ಶಾಲೆಗೆ, ಎಷ್ಟನೆಯ ತರಗತಿಯ ವರೆಗೆ, ಏತಕ್ಕಾಗಿ ಓದು ನಿಂತಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದು ನಮಗೆ ಕಳುಹಿಸಬೇಕು. ಕೇಳಿದುದನ್ನು ಕೇಳಿದಂತೆಯೇ ಬರೆಯಬೇಕು; ಅಂದಗೊಳಿಸಬಾರದು. ಎಂ.ಎಡ್. ತರಗತಿಯಲ್ಲಿರುವ ನಮ್ಮ ಸೋದರಿಯರು ಅವನ್ನು ಕೋಷ್ಟಕವಾಗಿ ಜೋಡಿಸಿ ಹೋಲಿಸಿ ನೋಡಲಿ. ತಾಯಿತಂದೆಗಳಲ್ಲಿ ನಮ್ಮ ಪ್ರಾರ್ಥನೆಯೇನೆಂದರೆ, ಆ ಕಡೆಯ ಪ್ರಶ್ನೆಗೆ ತಮ್ಮ ಮಗಳ ಹೆಸರಿನ ಮುಂದೆ ಉತ್ತರವನ್ನು ಬರೆಯುವ ಸಂದರ್ಭವು ಬಾರದಂತೆ ನೋಡಿಕೊಳ್ಳಬೇಕೆಂಬುದೇ.